ಕೊಳಕ್ಕೆ ಕಾವಲು ಕೂತ ಅತ್ತೆ

“ನಾನಿರುವಾಗ ಆ ಪೈಪು ಯಾರು ಮುಟ್ಟುತ್ತಾರೋ ನೋಡೇಬಿಡ್ತೀನಿ! ಮುಟ್ಟಿದವರ ಕೈ ಮುರಿದು ಇನ್ನೊಂದು ಕೈಗೆ ಕೊಡ್ತೀನಿ!”

ಅತ್ತೆಯವರು ಹೀಗೆ ಗುಡುಗಿದ್ದು ಹಿತ್ತಲಿನ ಹೊಸ ಈಜುಕೊಳದ ದಡದಲ್ಲಿ. ಕೊಳ ಸೊಸೆಯದು. ಮಕ್ಕಳಿಗೆ ಈಜು ಕಲಿಸುವುದು ಅವಳ ಕೆಲಸ. ಇಷ್ಟು ವರ್ಷ ಬೇರೆಯವರ ಕೊಳದಲ್ಲಿ ಕಲಿಸಿದವಳು ಈಗ ಚಿಕ್ಕದಾದರೂ ಸ್ವಂತದ್ದು ಕಟ್ಟಿಸಿದ್ದಳು. ನಾಡಿದ್ದು ಮೊದಲ ಪಾಠ.

ಬೆಳಗ್ಗೆಯೇ ಜಗಳ ಶುರುವಾಗಿತ್ತು. ಬೂಟು ಮೇಸ್ತ್ರಿ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ನೀರಿಗೆ ಆಸಿಡ್ ಬೆರೆಸಿ ಕೊಳದ ಗೋಡೆಗೆ ಸುರಿಯುತ್ತಿದ್ದ. ಅವನು ಮೊಣಕಾಲುದ್ದದ ರಬ್ಬರ್ ಬೂಟು ಬಿಚ್ಚಿದ್ದನ್ನು ಯಾರೂ ಕಂಡಿಲ್ಲ, ಅದಕ್ಕೇ ಆ ಹೆಸರು. ಬುಸ್ಸೆಂದು ನೊರೆ ಎದ್ದಿತು.

“ಅಯ್ಯಯ್ಯೋ! ಮೊನ್ನೆ ಹಚ್ಚಿದ ಗಾರೆ ಕಣಯ್ಯಾ! ಹೊಸ ಸೀರೆ ತಂದು ಒಲೆಗೆ ಹಿಡಿದ ಹಾಗಾಯ್ತಲ್ಲ!”

“ಗಾರೆ ಒಳಗೆ ಬಣ್ಣದ ಹರಳಿದೆ ಅಮ್ಮಾವ್ರೇ. ಮೇಲಿನ ಸಿಮೆಂಟಿನ ಕೆನೆ ತೆಗೆದ್ರೆ ತಾನೇ ಅದು ಕಾಣೋದು?”

ಉದ್ದ ಹಿಡಿಯ ಬ್ರಷ್ಷಿನಿಂದ ಉಜ್ಜಿ, ಸೋಡಾ ನೀರು ಹಾಕಿ ಆಸಿಡ್ಡಿನ ಸೊಕ್ಕು ಇಳಿಸಿ, ತೊಳೆದು ಮುಗಿಸಿದಾಗ ಹರಳುಗಳು ಮಿನುಗಿದವು. ಅತ್ತೆಯವರಿಗೂ ಚೆಂದ ಕಂಡಿತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ!

ಮೇಸ್ತ್ರಿ ಪೈಪಿನ ಬಾಯಿಗೆ ಬಟ್ಟೆ ಸುತ್ತಿ ಕೊಳದ ತಳದಲ್ಲಿ ಮಲಗಿಸಿದ. ಹಿತ್ತಲ ಬಾಗಿಲ ಪಕ್ಕದ ನಲ್ಲಿ ತಿರುಗಿಸಿದ. ನೀರು ಸದ್ದಿಲ್ಲದೆ ಹರಡಿತು.

“ಈಗ ನೋಡಿ, ಕೊಳ ತುಂಬೋವರೆಗೂ ನೀರು ನಿಲ್ಲಬಾರದು. ನಡುವೆ ನಿಂತ್ರೆ ಸುತ್ತಲೂ ಗೆರೆ ಬೀಳುತ್ತೆ. ಆಮೇಲೆ ಖಾಲಿ ಮಾಡಿ ಮತ್ತೆ ಆಸಿಡ್ ಹಾಕಬೇಕು.”

“ಗೆರೆ ಬಿದ್ರೆ ಕೊಳಕು ನೀರು ಅಂದ್ಕೊಂಡು ತಾಯಂದಿರು ಮಕ್ಕಳ ಕೈ ಹಿಡ್ಕೊಂಡು ವಾಪಸ್ ಹೋಗ್ತಾರೆ,” ಎಂದಳು ಸೊಸೆ. ಅವಳ ಮುಖ ಸಣ್ಣಗಾಗಿತ್ತು. ಆಗಲೇ ಅತ್ತೆಯವರು ಆ ಘೋರ ಪ್ರತಿಜ್ಞೆ ಮಾಡಿದ್ದು.

“ಬೇಡ ಅತ್ತೆ. ಹರಿಯೋ ನಲ್ಲಿ ಕಂಡ್ರೆ ನೀವು…”

“ಕಂಡ್ರೆ? ಏನು ಕಂಡ್ರೆ?”

“ಏನಿಲ್ಲ ಬಿಡಿ.”

ಏನಿಲ್ಲದೆ ಏನು! ಹರಿಯುವ ನಲ್ಲಿ ಅತ್ತೆಯವರ ಕಣ್ಣಿಗೆ ಆಗದು. ಅವರು ಒಮ್ಮೆ ತಿರುಪಿ ನಿಲ್ಲಿಸಿದ ನಲ್ಲಿಯನ್ನು ಬೇರೆ ಯಾರೂ ಬಿಡಲಾರರು! ಮನೆಯ ವಾಷರುಗಳೆಲ್ಲ ಅವರ ಕೈಯಲ್ಲೇ ಪ್ರಾಣ ಬಿಟ್ಟಿದ್ದವು.

ಸೊಸೆ ಎಂದಿನಂತೆ ಬೇರೆಯವರ ಕೊಳದ ಪಾಠಕ್ಕೆ ಹೋದಳು. ಅತ್ತೆಯವರು ನೀರಿಗೆ ಬೆನ್ನು ಹಾಕಿ, ಶತ್ರು ಬರುವ ದಾರಿಗೆ ಮುಖ ಮಾಡಿ, ಪೊರಕೆ ಹಿಡಿದು ಕುರ್ಚಿಯಲ್ಲಿ ವಿರಾಜಮಾನರಾದರು. ಪಕ್ಕದ ಮನೆಯಾಕೆ ಬೇಲಿಯಾಚೆ ಇಣುಕಿದರೂ ಗದರಿದರು. ಊಟಕ್ಕೆ ಒಳಗೆ ಹೋದದ್ದೂ ಓಡೋಡಿ. ಕೈ ತೊಳೆದು, ಒರೆಸಿಕೊಳ್ಳುತ್ತಾ ಹಿತ್ತಲ ಬಾಗಿಲಿಂದ ಬಂದು ಮತ್ತೆ ಕುರ್ಚಿ ಏರಿದರು.

ಮಧ್ಯಾಹ್ನ ಮಗ ಬಂದ.

“ಅಮ್ಮಾ, ನೀರು ಎಲ್ಲಿವರೆಗೆ ಬಂತು, ನೋಡ್ತೀನಿ…”

“ಹೆಜ್ಜೆ ಮುಂದಿಟ್ಟೆಯೋ, ಪೊರಕೆ ಸೇವೆ! ಮಗ ಅಂತ ಬಿಟ್ಟೇನು ಅಂದ್ಕೊಂಡ್ಯಾ?”

ಮಗ ಬಾಲ ಮುದುರಿದ. ಮೇಸ್ತ್ರಿಗೂ ಅದೇ ಸತ್ಕಾರ. ಸಂಜೆ ಸೊಸೆ ಬಂದವಳೇ ಚೀರಿದಳು.

“ಅತ್ತೆ! ನೀರು ಮೊಣಕಾಲುದ್ದವೂ ಇಲ್ಲ!”

ಗೋಡೆಯ ಸುತ್ತ ಬೆಳ್ಳನೆಯ ಗೆರೆ.

“ನಾನು ಅಲ್ಲಾಡಿಲ್ಲ! ನಿನ್ನ ಗಂಡನ್ನ ಕೇಳು, ಸುಳಿದಾಡ್ತಿದ್ದ. ಆ ಬೂಟಿನವನನ್ನ ಕೇಳು!”

“ಯಾರೋ ನಲ್ಲಿ ನಿಲ್ಲಿಸಿದ್ದಾರೆ,” ಎಂದ ಮೇಸ್ತ್ರಿ. ತಿರುಗಿಸಿದ. ಅಲುಗಲಿಲ್ಲ. ಮಗ ಹಲ್ಲು ಕಚ್ಚಿ ತಿರುಗಿಸಿದ. ಊಹೂಂ! ಇಬ್ಬರೂ ಸೇರಿ ಹಿಡಿದರು. ಮೇಸ್ತ್ರಿಯ ಬೂಟು ಜಾರಿತೇ ಹೊರತು ನಲ್ಲಿ ಜಾರಲಿಲ್ಲ.

“ಪಕ್ಕಕ್ಕೆ ಸರೀರಪ್ಪಾ, ಗಂಡಸರಂತೆ ಗಂಡಸರು!” ಅತ್ತೆಯವರು ಸೆರಗು ಸಿಕ್ಕಿಸಿ ಒಂದೇ ತಿರುವು ಕೊಟ್ಟರು. ನೀರು ನುಗ್ಗಿತು! ಗೆದ್ದ ಮುಖದಲ್ಲಿ ಹಿಂತಿರುಗಿದರೆ ಮೂವರೂ ಅವರ ಕೈಯನ್ನೇ ನೋಡುತ್ತಿದ್ದರು.

ಅತ್ತೆಯವರೂ ನೋಡಿಕೊಂಡರು. ಊಟ ಮುಗಿಸಿ ಬರುವಾಗ ಆ ಕೈ ತನ್ನಷ್ಟಕ್ಕೆ ಎಲ್ಲಿಗೆ ಹೋಗಿತ್ತೆಂದು ಈಗ ನೆನಪಾಯಿತು. ಮಧ್ಯಾಹ್ನವಿಡೀ ಕಾದದ್ದು ನಿಂತ ನಲ್ಲಿಯನ್ನು!

“ಅದಕ್ಕೇನೀಗ? ಆಸಿಡ್ ತಾರಯ್ಯಾ! ನಾಳೆಯೂ ನಾನೇ ಕೂರೋದು!”

“ಕೂತ್ಕೊಳ್ಳಿ ಅತ್ತೆ,” ಎಂದಳು ಸೊಸೆ ಮೆಲ್ಲಗೆ.

ಮರುದಿನ ನಸುಕಿಗೇ ಕೊಳ ಖಾಲಿಯಾಯಿತು. ಮತ್ತೆ ಆಸಿಡ್, ಮತ್ತೆ ನೊರೆ, ಮತ್ತೆ ಸೋಡಾ ನೀರು. ಗೆರೆ ಹೋಯಿತು. ಸೊಸೆ ನಲ್ಲಿ ಬಿಟ್ಟು, ಅದರ ಹಿಡಿಯನ್ನೇ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಅತ್ತೆಯವರು ಈ ಸಲ ನೀರಿನ ಕಡೆಗೇ ಮುಖ ಮಾಡಿ ಕೂತರು. ನೀರು ಏರಿತು, ಹರಳು ಮುಳುಗಿದವು, ಸಂಜೆಗೆ ಅಂಚು ಮುಟ್ಟಿತು. ಹೊರಗೆ ಚೆಲ್ಲತೊಡಗಿತು! ಅತ್ತೆಯವರು ಓಡಿಹೋಗಿ ಬೋಳು ನಲ್ಲಿಯನ್ನು ಬರಿಗೈಯಲ್ಲಿ ಹಿಡಿದರು. ಹಿಂಡಿದರು. ಬೈದರು. ಕೊನೆಗೆ ಜನ್ಮದಲ್ಲಿ ಎಂದೂ ಆಡದ ಮಾತನ್ನು ಇಡೀ ಬೀದಿಗೆ ಕೇಳುವಂತೆ ಆಡಿದರು:

“ತಾಯೀ, ನಿನ್ನ ಕಾಲಿಗೆ ಬೀಳ್ತೀನಿ, ಬಂದು ಈ ನಲ್ಲಿ ನಿಲ್ಲಿಸೇ!”