ಬಂದರೂ ಬಾರದ ಕಮಾಂಡು

ಬರುತ್ತಿದ್ದ ಕಮಾಂಡನ್ನು ಬರುವುದಿಲ್ಲ ಎಂದದ್ದೇ ಮಾಳಸಿದ್ದನ ಮೊದಲ ತಪ್ಪು.

ಅವನು ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತ. ಮೂವತ್ತು ದಾಟಿದರೂ ಒಂಟಿ. ಊರಿನ ಕಂಪ್ಯೂಟರ್ ಕ್ಲಾಸಿನಲ್ಲಿ ರವಿವಾರ ದಿನವಿಡೀ ಪಾಠ. ಮೌಸ್ ಮುಟ್ಟದೆ, ಕಪ್ಪು ಪರದೆಯ ಮೇಲೆ ಕಮಾಂಡಿನ ಅಕ್ಷರ ಒತ್ತಿಯೇ ಎಲ್ಲ ಕೆಲಸ ಮಾಡುವ ವಿದ್ಯೆ. ಕಲಿಸುವವಳು ಶೇಡಬಾಳದ ಪೂನಮ. ಮಾಳಸಿದ್ದ ಪುಸ್ತಕವನ್ನೆಲ್ಲ ಮನೆಯಲ್ಲೇ ಅರೆದು ಕುಡಿದಿದ್ದ. ಆದರೆ ಪೂನಮ ತಪ್ಪಿದವರ ಪಕ್ಕಕ್ಕೆ ಮಾತ್ರ ಬಂದು ನಿಲ್ಲುತ್ತಿದ್ದಳು. ಸರಿ ಮಾಡಿದವರಿಗೆ ದೂರದಿಂದಲೇ ಒಂದು "ಶಾಬ್ಬಾಸ್". ಬರೀ ಶಾಬ್ಬಾಸಿನ ಮೇಲೆ ಮನುಷ್ಯ ಎಷ್ಟು ದಿನ ಬದುಕಿಯಾನು?

"ಫೋಲ್ಡರ್‌ನ್ಯಾಗ ಯಾವ್ಯಾವ ಫೈಲ್ ಅದಾವ ನೋಡಾಕ ಎಲ್ ಎಸ್ ಹೊಡೀರಿ," ಎಂದಳು ಪೂನಮ ಆ ರವಿವಾರ ಬೆಳಿಗ್ಗೆ.

ಮಾಳಸಿದ್ದ ಬೇಕೆಂದೇ ಎಸ್ ಎಲ್ ಹೊಡೆದು ಕೈ ಎತ್ತಿದ. ಅವಳು ಬಂದು, ಬಗ್ಗಿ, ತಾನೇ ಒತ್ತಿ ತೋರಿಸಿದಳು. ಅವಳ ಬಳೆ ಕೀಬೋರ್ಡಿಗೆ ತಾಗಿತು. ಫೈಲುಗಳ ಹೆಸರುಗಳು ಸಾಲಾಗಿ ಮೂಡಿದವು. ಒಂದೂ ಅವನ ಕಣ್ಣಿಗೆ ಬೀಳಲಿಲ್ಲ.

"ತಿಳೀತ್ರಿ?"

"ಅರ್ಧಾ ತಿಳೀತ್ರಿ, ಮೇಡಂ."

ಅಷ್ಟರಲ್ಲಿ ಪಕ್ಕದ ಆಬಾಸಾಹೇಬ ಮಾಸ್ತರರ ಕೈ ಮೇಲೆದ್ದಿತು. ಶಿರಗುಪ್ಪಿಯ ಈ ನಿವೃತ್ತ ಮಾಸ್ತರರಿಗೆ ನಿಜವಾಗಿಯೂ ಏನೂ ಬರುತ್ತಿರಲಿಲ್ಲ. ಪೂನಮ ಅತ್ತ ತಿರುಗಿದಳು. ಮಾಳಸಿದ್ದನಿಗೆ ಇದು ಸಹಿಸಲಿಲ್ಲ. ಆಮೇಲೆ ಮಾಸ್ತರರ ಕೈ ಏಳುವ ಮೊದಲೇ ಹಿಡಿದು ಕೆಳಗೆಳೆಯತೊಡಗಿದ.

"ಕೈ ಇಳಸ್ರಿ ಮಾಸ್ತರ, ನಾ ಹೇಳತೀನಿ," ಎಂದು ಪಿಸುಗುಟ್ಟುತ್ತ ಒಂದೊಂದನ್ನೂ ಬಿಡಿಸಿ ಹೇಳಿಕೊಟ್ಟ. ಮಾಸ್ತರರ ಪರದೆ ಹೊಲದ ಸಾಲಿನ ಹಾಗೆ ನೆಟ್ಟಗಾಗುತ್ತ ಹೋಯಿತು.

ಮಧ್ಯಾಹ್ನ ಫೈಲಿನಲ್ಲಿ ಬರೆಯುವ ಪಾಠ. ಬರೆಯುವ ಪರದೆಯಾದ ಎಡಿಟರಿನೊಳಗೆ ಹೋದ ಮಾಳಸಿದ್ದ, ಮತ್ತೆ ಬೇಕೆಂದೇ, "ಮೇಡಂ, ಹೊರಗ ಬರಾಕ ಆಗವಲ್ದು!" ಎಂದು ಕೂಗಿದ. ಮೇಡಂ ಬರುವ ಮೊದಲೇ ಕ್ಲಾಸೆಲ್ಲ ಬಂತು. ಒಬ್ಬ ಎಂಟರ್ ಕುಟ್ಟಿದ, ಇನ್ನೊಬ್ಬ ಪರದೆಯ ತಲೆಗೆ ತಟ್ಟಿದ. ಚಹಾ ತಂದಿದ್ದ ವಿಠೋಬಾ, "ಸರೀರಿ ಅತ್ಲಾಗ, ನಮ್ಮ ಮಿಕ್ಸರ್‌ಗಿ ಹಿಂಗ ಆದ್ರ ನಾ ಇದನ್ನ ಮಾಡೂದು," ಎಂದು ವೈರ್ ಕಿತ್ತ. ಇಡೀ ಸಾಲು ಕತ್ತಲಾಯಿತು. ಎಲ್ಲರೂ ಬರೆದದ್ದು ಹೋಯಿತು.

"ಮಾಳಸಿದ್ದ್ ಅವರ, ನೀವು ಕೈ ಎತ್ತಿದ್ರ ಕರೆಂಟ ಹೋಗತೈತಲ್ರಿ!" ಎಂದು ಪೂನಮ ನಕ್ಕಳು. ಆ ನಗುವಿಗಾಗಿ ಉಗಾರಕ್ಕೆ ಉಗಾರವೇ ಕತ್ತಲಾದರೂ ಅವನಿಗೆ ಅಡ್ಡಿಯಿರಲಿಲ್ಲ.

ಸಂಜೆ ಅವಳು ಎದ್ದು ನಿಂತು ಹೇಳಿದಳು: "ಮುಂದಿನ ವಾರದಿಂದ ನಾ ನಿಪ್ಪಾಣಿ ಕ್ಲಾಸಿಗಿ ಹೊಂಟೀನಿ. ಹೊಸಬರಿಗಿ ಕಲಸಾಕ ನನ್ನ ಜೋಡಿ ಒಬ್ರು ಬೇಕಾಗ್ಯಾರ. ಖರೇ ಹೇಳಬೇಕಂದ್ರ ಮಾಳಸಿದ್ದ್ ಅವರನ್ನ ಕರೀಬೇಕಂತ ಭಾಳ ಮನಸ್ಸಿತ್ತು. ಆದ್ರ ಅವರಿಗಿನ್ನೂ ಎಲ್ ಎಸ್ಸೂ ಬರವಲ್ದು. ಆಬಾಸಾಹೇಬ ಮಾಸ್ತರದು ಒಂದೂ ತಪ್ಪಿಲ್ಲ."

ಮಾಳಸಿದ್ದ ಕುರ್ಚಿ ಕೆಡವಿ ಎದ್ದ. "ಬರ್ತೈತ್ರಿ ಮೇಡಂ! ನನಗ ಎಲ್ಲಾ ಬರ್ತೈತಿ! ಇಲ್ಲಿ ನೋಡ್ರಿ!" ಪಟಪಟನೆ ಫೈಲುಗಳ ಪಟ್ಟಿ ತೆಗೆದ, ಹೊಸ ಫೈಲ್ ತೆರೆದ, ಬರೆದ, ಉಳಿಸಿದ, ಹೊರಬಂದ. ಒಂದು ಅಕ್ಷರವೂ ತಪ್ಪಲಿಲ್ಲ.

ಪೂನಮಳ ಕಣ್ಣುಗಳು ಅರಳಿದವು. ಅವನು ಅಂಗಿಯ ಕಾಲರ್ ಸರಿಮಾಡಿಕೊಂಡ.

"ಮಾಸ್ತರ!" ಎಂದು ಅವಳು ಆಚೆ ತಿರುಗಿದಳು. "ಮುಂಜಾನಿಂದ ನೀವಿಬ್ರೂ ಗುಸುಗುಸು ಮಾತಾಡೂದು ನೋಡಾಕತ್ತಿದ್ದೆ. ಏನೂ ಬರ್ಲಾರದವರಿಗಿ ಒಂದ ದಿನದಾಗ ಇಷ್ಟು ಕಲಿಸೀರಲ್ಲಾ! ಇನ್ನ ನಿಪ್ಪಾಣಿಗಿ ನೀವ ಬರಬೇಕು."

ಮಾಸ್ತರರು ಬಾಯಿ ತೆರೆದರು, ಶಾಲು ಹೊದಿಸಿದಂತೆ ಕ್ಲಾಸಿನವರ ಚಪ್ಪಾಳೆ ಮೈಮೇಲೆ ಬಿದ್ದಿತು, ಬಾಯಿ ಮುಚ್ಚಿದರು. ಅವರ ಮಗಳ ಮನೆಯೂ ನಿಪ್ಪಾಣಿಯಲ್ಲೇ ಇತ್ತು.

ಹೊರಗೆ ಬಂದ ಮೇಲೆ ಅವರು ಮಾಳಸಿದ್ದನ ಹೆಗಲ ಮೇಲೆ ಕೈಯಿಟ್ಟರು. "ತಮ್ಮಾ, ಅಲ್ಲಿ ನನಗ ಅಡಚಣಿ ಆದ್ರ ಫೋನ್ ಹಚ್ಚತೀನಿ. ಎತ್ತತಿ ಹೌದಲ್ಲೋ?"

ಪೂನಮ ಶೇಡಬಾಳದ ಬಸ್ಸು ಹತ್ತುತ್ತಿದ್ದಳು. ಅದು ತಿರುವು ದಾಟುವವರೆಗೂ ಮಾಳಸಿದ್ದ ನೋಡುತ್ತ ನಿಂತ.

"ಎತ್ತತೀನ್ರಿ, ಮಾಸ್ತರ," ಎಂದ. "ಆದ್ರ ಮೇಡಂ ನಿಮ್ಮ ಬಾಜೂಕ ಮಾತಾಡ್ಕೋಂತ ಇದ್ದಾಗ ಹಚ್ರಿ."