ಹಿತ್ತಾಳೆ ಫಲಕದ ಆಸೆ

ಎದುರಿನ ಗಡಿಯಾರ ರಿಪೇರಿ ಅಂಗಡಿಯ ಮೇಲೆ ಬೆಳಿಗ್ಗೆ ಹೊಸ ಹಿತ್ತಾಳೆ ಫಲಕ ಹೊಳೆಯುವುದನ್ನು ಕಂಡದ್ದೇ ದರ್ಜಿಯ ಹೊಟ್ಟೆ ಉರಿಯಿತು. ‘ಈ ಬೀದಿಯ ಅತಿ ಹಳೆಯ ಅಂಗಡಿ’ ಎಂದಿತ್ತು ಅದರಲ್ಲಿ. ನಗರಸಭೆ ಆ ಗಲೀಜು ಓಣಿಗೆ ‘ಪರಂಪರೆ ಪಥ’ ಎಂದು ಹೆಸರಿಟ್ಟು ಕಲ್ಲು ಹಾಸಿಸುತ್ತಿತ್ತು. ಅದಕ್ಕೆ ದರ್ಜಿಯ ತಕರಾರಿರಲಿಲ್ಲ. ಆದರೆ ಬೀದಿಯ ಹಿರಿತನ ಆ ಗಡಿಯಾರದವನ ಪಾಲಾಗುವುದೆಂದರೇನು?

“ಅವರ ಫಲಕ ನೋಡ್ತಾ ಕೂತ್ರೆ ಇಲ್ಲಿ ಕಾಜ ಹಾಕೋರ್ಯಾರು?” ಎಂದಳು ಹೆಂಡತಿ. ಅವನ ಕಿವಿಗೆ ಅದು ಬೀಳಲಿಲ್ಲ. ಸೀದಾ ನಗರಸಭೆಗೆ ಹೋಗಿ, ತನ್ನದು ಅಜ್ಜನ ಕಾಲದ ಅಂಗಡಿ ಎಂದು ಅರ್ಜಿ ಕೊಟ್ಟು ಬಂದ. ನಿಜಕ್ಕೂ ಅದನ್ನು ತೆರೆದದ್ದು ಅವನಪ್ಪ. ಮಧ್ಯಾಹ್ನವೇ ಬಂದು ನೋಡುತ್ತೇವೆ ಎಂದರು ನಗರಸಭೆಯವರು.

ಪಕ್ಕದ ಬೇಕರಿಯವನು ಉತ್ಸಾಹದಿಂದ ಕೈ ಜೋಡಿಸಿದ. ಹಳೆಯದಾಗಿ ಕಾಣಲೆಂದು ಇಬ್ಬರೂ ಗೋಡೆಗೆ ಟೀ ಡಿಕಾಕ್ಷನ್ ಎರಚಿದರು. ಕರೆಂಟಿನ ಹೊಲಿಗೆ ಮೆಷಿನ್ನನ್ನು ಹಿಂದಿನ ಮನೆಯ ಮಂಚದಡಿಗೆ ತಳ್ಳಿ, ಅಟ್ಟದ ಮೇಲಿದ್ದ ತುಕ್ಕು ಹಿಡಿದ ಕಾಲುಮೆಷಿನ್ ಇಳಿಸುವಾಗ ಅದು ದರ್ಜಿಯ ಹೆಬ್ಬೆರಳ ಮೇಲೆಯೇ ಕೂತಿತು. ಗೋಡೆಯ ಮೇಲೊಬ್ಬ ಅಜ್ಜನೂ ಬೇಕಲ್ಲ ಎಂದು ಬೇಕರಿಯವನು ತನ್ನ ಮಾವನ ಫೋಟೊ ತಂದು ತೂಗು ಹಾಕಿದ. ಮಾವ ಪಕ್ಕದ ಬೀದಿಯಲ್ಲಿ ಗಟ್ಟಿಮುಟ್ಟಾಗಿ ಬದುಕಿದ್ದರು.

ಅಧಿಕಾರಿ ಮೇಡಂ ಎಲ್ಲವನ್ನೂ ಸುತ್ತಿ ನೋಡಿದರು. “ಏನೂ ಬದಲಾಯಿಸಿಲ್ವಾ?” ಎಂದು ಕೇಳಿದರು.

“ಒಂದು ಮೊಳೆ ಕೂಡ ಬದಲಾಯಿಸಿಲ್ಲ, ಮೇಡಂ. ಅಜ್ಜ ಬಿಟ್ಟುಹೋದ ಹಾಗೇ ಇದೆ,” ಎಂದ ದರ್ಜಿ. ಅವರು ಚಾಚಿದ ಕಾಗದಕ್ಕೆ ಓದದೆ ಸಹಿ ಜಡಿದ.

ಸಂಜೆ ಫಲಕ ಬೀದಿ ದಾಟಿ ಅವನ ಬಾಗಿಲಿಗೆ ಬಂತು. ಕುಂಟುತ್ತಲೇ ಅದರ ಕೆಳಗೆ ಎದೆಯುಬ್ಬಿಸಿ ನಿಂತು, ಗಡಿಯಾರದವನ ಸಪ್ಪೆ ಮುಖಕ್ಕಾಗಿ ಕಾದ. ಬಂದ ಮುಖ ಅರಳಿತ್ತು.

“ಅಣ್ಣಾ, ನಿಮ್ಮ ಉಪಕಾರ ಮರೆಯಲ್ಲ,” ಎಂದು ಗಡಿಯಾರದವನು ಕೈ ಮುಗಿದ. “ಹಳೇ ಅಂಗಡಿ ಅಂದ್ರೆ ಹಳೇ ಥರಾನೇ ಕೆಲಸ ಮಾಡ್ಬೇಕಂತೆ. ಮೊಬೈಲ್ ರಿಪೇರಿ ಶುರು ಮಾಡೋ ಹಾಗಿಲ್ಲ ಅಂದ್ಬಿಟ್ಟಿದ್ರು. ಫಲಕ ಬೇಡ ಅಂತ ವಾರದಿಂದ ಅಲೀತಿದ್ರೂ ಇವತ್ತು ಹಾಕೇಬಿಟ್ರು. ಈಗ್ಲೇ ಗಾಜಿನ ಬಾಗಿಲಿಗೆ ಹೇಳಿ ಬಂದೆ.”

ದರ್ಜಿ ತಾನು ಸಹಿ ಹಾಕಿದ ಕಾಗದದ ಪ್ರತಿಯನ್ನು ಆಗ ಓದಿದ. ಅಜ್ಜನ ಕಾಲದಲ್ಲಿ ಇಲ್ಲದ್ದು ಯಾವುದೂ ಇನ್ನು ಅಂಗಡಿಯಲ್ಲಿ ಇರುವಂತಿಲ್ಲ. ಒಳಗೆ ನಗರಸಭೆಯವನೊಬ್ಬ ಸ್ಟೂಲು ಹತ್ತಿ ಫ್ಯಾನು ಬಿಚ್ಚುತ್ತಿದ್ದ.

ದರ್ಜಿ ಬೆವರೊರೆಸಿಕೊಳ್ಳುತ್ತ ಎದುರಿನ ಅಂಗಡಿಯತ್ತ ನೋಡಿದ. ಗಾಜಿನ ಬಾಗಿಲು ಇನ್ನೂ ಬಂದಿರಲಿಲ್ಲ, ಅವನಿಗೆ ಆಗಲೇ ಅದರ ಮೇಲೆ ಹೊಟ್ಟೆಕಿಚ್ಚು ಶುರುವಾಗಿತ್ತು.