ಬೇಲಿಯಾಚೆಯ ಸುಟ್ಟ ಬಟಾಟೆ

ಬಟಾಟೆ ಮತ್ತು ನಾನು ಒಂದೇ ಕಡೆ ಸೇರಿದರೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಎಪ್ಪತ್ತರ ದಶಕದ ಕೊನೆಗೆ ನಾನು ಮೂಡಬಿದ್ರೆಯಲ್ಲಿ ಮಾಸ್ತರನಾಗಿದ್ದಾಗ ಆದದ್ದಂತೂ ನಮ್ಮನ್ನು ಬೀದಿಗೆ ತರುವುದರಲ್ಲಿತ್ತು. ಮದುವೆಯಾಗದ ಗಂಡಸರಿಗೆ ಆಗ ಯಾರೂ ಕೋಣೆ ಕೊಡುತ್ತಿರಲಿಲ್ಲ. ನಾನೂ, ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮುಂಡಾಜೆಯ ಗೆಳೆಯನೂ ಪೇಟೆಯೆಲ್ಲ ಅಲೆದು, ಕೊನೆಗೆ ಹಿರಿಯ ಜೈನರೊಬ್ಬರ ಮನೆಯ ಹೊರಕೋಣೆ ಹಿಡಿದೆವು. ಮನೆಯ ಧನಿಗಳದ್ದು ಒಂದೇ ಷರತ್ತು.

"ನೋಡಿ ಮಾಷ್ಟ್ರೆ, ಮಣ್ಣಿನಡಿ ಬೆಳೆದದ್ದು ಯಾವುದೂ ಈ ಅಂಗಳಕ್ಕೆ ಬರಬಾರದು. ಬಂದ್ರೆ ಕೋಣೆ ಖಾಲಿ ಮಾಡ್ಬೇಕು."

ಗೆಳೆಯ ವಿನಯದಿಂದ ತಲೆಯಾಡಿಸಿದ. ಅವನಿಗೆ ಬರುತ್ತಿದ್ದ ಅಡುಗೆ ಗಂಜಿ ಮತ್ತು ಸುಟ್ಟ ಬಟಾಟೆ, ಎರಡೇ.

ಕೊಡೆಯ ಕಡ್ಡಿ

ಧನಿಗಳು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬೆಳ್ತಂಗಡಿಗೆ ಮದುವೆಗೆ ಹೋದ ದಿನ ಗೆಳೆಯ ಸಣ್ಣ ಬಟಾಟೆ ತಂದ. ಅರ್ಧ ಬೇಯಿಸಿ, ತೆಂಗಿನೆಣ್ಣೆ, ಉಪ್ಪು, ಮೆಣಸಿನ ಹುಡಿ, ಇಂಗು ಸವರಿ, ಹಳೆ ಕೊಡೆಯಿಂದ ಕಿತ್ತ ಕಡ್ಡಿಗಳಿಗೆ ಚುಚ್ಚಿ, ತೆಂಗಿನ ಗೆರಟೆಯ ಕೆಂಡದ ಮೇಲೆ ತಿರುಗಿಸಿದ. ಗಂಜಿಗೆ ನಂಜಿಕೊಂಡೆವು. ಅಷ್ಟು ರುಚಿ ನಾನು ಮತ್ತೆ ಕಂಡಿಲ್ಲ.

ಮರುದಿನ ಶಾಲೆಗೆ ಹೊರಟಾಗ ಮಳೆ. ಕೊಡೆ ಬಿಡಿಸಿದರೆ ಒಂದು ಬದಿ ಮೂಗಿನ ಮೇಲೆ ಜೋತುಬಿತ್ತು. ಹಳೆಯದೆಂದು ಅವನು ಕಿತ್ತದ್ದು ನನ್ನ ಹೊಸ ಕೊಡೆಯ ಕಡ್ಡಿ. ಬೈದೆ.

"ನಿನ್ನೆ ತಿನ್ನುವಾಗ ಕಡ್ಡಿ ಯಾರದ್ದು ಅಂತ ಕೇಳಿದ್ಯಾ ಮಾರಾಯ?" ಎಂದ.

ಬಾಳೆಕಾಯಿ

ಇನ್ನೊಮ್ಮೆ ಬಂಟ್ವಾಳಕ್ಕೆ ಹೋಗಿದ್ದ ಧನಿಗಳು ಹೇಳಿದ್ದಕ್ಕಿಂತ ಬೇಗ ಮರಳಿದರು. ನಾವು ಕೊನೆಯ ತುಂಡು ಬಾಯಿಗೆ ಹಾಕಿದ್ದೆವಷ್ಟೆ.

"ಎಂತ ಪರಿಮಳ ಇದು?"

ನನ್ನ ಬಾಯಿ ತುಂಬ ಬಟಾಟೆ. ಗೆಳೆಯನೇ ಗಬಕ್ಕನೆ ನುಂಗಿ, "ಬಾಳೆಕಾಯಿ ಸುಟ್ಟದ್ದು" ಎಂದ.

"ಹೌದಾ? ಹಾಗಾದ್ರೆ ನಾಳೆ ನನಗೂ ಸ್ವಲ್ಪ ಕೊಡಿ."

ಮರುದಿನ ಅದೇ ಮಸಾಲೆ ಸವರಿ ನಿಜವಾದ ಬಾಳೆಕಾಯಿ ಸುಟ್ಟು ಕೊಟ್ಟೆವು. ಧನಿಗಳು ನಿಧಾನವಾಗಿ ಜಗಿದರು.

"ಚೆನ್ನಾಗುಂಟು. ಆದ್ರೆ ನಿನ್ನೆಯ ಬಾಳೆಕಾಯಿಗೆ ಬೇರೆಯೇ ಪರಿಮಳ ಇತ್ತು."

ಗೆಳೆಯನಿಗೆ ಇನ್ನು ತಡೆಯಲಾಗಲಿಲ್ಲ. "ಅದು ಮಣ್ಣಿನಡಿಯ ಬಾಳೆಕಾಯಿ ಧನಿಗಳೆ" ಎಂದುಬಿಟ್ಟ.

ಹೊತ್ತು ಮುಳುಗುವ ಮೊದಲು

ಧನಿಗಳು ಎದ್ದು ಒಳಗೆ ಹೋದರು. ನಾವು ಗಂಟುಮೂಟೆ ಕಟ್ಟತೊಡಗಿದೆವು. ಇನ್ನು ಯಾರ ಜಗಲಿ ಹತ್ತುವುದೆಂದು ನನಗೆ ಅಳುವೇ ಬಂತು. ಅಷ್ಟರಲ್ಲಿ ಅವರು ಬಾಗಿಲಿಗೆ ಬಂದರು.

"ಹೊರಟದ್ದು ಎಲ್ಲಿಗೆ? ನಮ್ಮ ಅಂಗಳ ಬೇಲಿಯವರೆಗೆ ಮಾತ್ರ. ಆಚೆ ಗುಡ್ಡೆ ಉಂಟಲ್ಲ, ಅಲ್ಲಿ ಸುಡಿ, ಅಲ್ಲೇ ತಿನ್ನಿ, ಬಾಯಿ ತೊಳೆದು ಬನ್ನಿ."

ಕೋಣೆ ಉಳಿಯಿತು. ಆದರೆ ಹೊಸದೊಂದು ಕಾಟ ಶುರುವಾಯಿತು. ಧನಿಗಳ ಊಟ ಸೂರ್ಯ ಮುಳುಗುವ ಮೊದಲೇ ಮುಗಿಯಬೇಕು. ನಾವು ಗುಡ್ಡೆಯಲ್ಲಿ ಕೆಂಡ ಮಾಡುವುದು ಸ್ವಲ್ಪ ತಡವಾದರೂ ಬೇಲಿಯ ಒಳಗಿನಿಂದ ಅವರ ಸ್ವರ ಬರುತ್ತಿತ್ತು.

"ಬೇಗ ಹಚ್ಚಿ ಮಾಷ್ಟ್ರೆ, ಹೊತ್ತು ಮುಳುಗ್ತದೆ."

ನಮ್ಮ ಬಟಾಟೆಗೂ ಇವರ ಊಟಕ್ಕೂ ಎಂಥ ಸಂಬಂಧವೆಂದು ಒಂದು ಸಂಜೆ ಬೇಲಿಯ ಮೇಲಿಂದ ಇಣುಕಿದೆ. ಹೊಗೆ ಬರುವ ಕಡೆಗೇ ಮಣೆ ಹಾಕಿಕೊಂಡು ಧನಿಗಳು ಗಂಜಿ ಉಣ್ಣುತ್ತಿದ್ದರು. ನಂಜಿಕೊಳ್ಳಲು ಪಕ್ಕದಲ್ಲಿ ಏನೂ ಇರಲಿಲ್ಲ.

"ತಿನ್ನಬಾರದು ಅಂತ ಉಂಟು, ಮೂಸಬಾರದು ಅಂತ ಇಲ್ಲ" ಎಂದರು. ಮತ್ತೆ ಒಮ್ಮೆ ಮೂಗರಳಿಸಿ, ಯೋಚಿಸಿ, "ಇವತ್ತು ಉಪ್ಪು ಸ್ವಲ್ಪ ಕಮ್ಮಿ" ಎಂದರು.

ತಿಂದು ನೋಡಿದೆ. ಕಮ್ಮಿಯೇ ಇತ್ತು.